ಹೊಳೆಯ ಕೆಸರಿನಲ್ಲಿ ಬೂಷ್ಟು

ಮಳೆಗಾಲ ಬಂತು ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಬೂಷ್ಟಿನ ಕಾಟ ಶುರು. ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಬೂಷ್ಟು. ಪೆಟ್ಟಿಗೆಯಲ್ಲಿಟ್ಟ ಸೀರೆಗೆ ಬೂಷ್ಟು. ಮೂಲೆಯಲ್ಲಿ ಬಿಟ್ಟ ಚಪ್ಪಲಿಗೂ ಬೂಷ್ಟು. ಸರಿಯಾಗಿ ಒಣಗದ ಅಡಿಕೆಗೆ ಬಂದರಂತೂ ಪೇಟೆಯಲ್ಲಿ ಧಾರಣೆ ಬಿತ್ತು ಅಂತಲೇ ಲೆಕ್ಕ. ಹಾಗಾಗಿ ಅಕ್ಕಂದಿರೇ, ಬೂಷ್ಟು ಅಂದರೆ ಏನು ಅಂತ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ.

ಆದರೆ ಹೊಳೆಯ ನೀರಿನಲ್ಲೂ ಬೂಷ್ಟು ಇರ್ತದೆ. ಹೊಳೆಯ ತಳದ ಕೆಸರಿನಲ್ಲೂ ಇರ್ತದೆ. ಕಾರ್ಖಾನೆಯ ಕೊಳೆ ನೀರು ಸೇರಿದ ಕಡೆ ಅದು ಬೇರೆ ರೀತಿಯಲ್ಲಿ ಬೆಳೀತದೆ. ಇದನ್ನು ತಿಳಿದವರು ಕಡಿಮೆ. ಈ ಪಾಠದಲ್ಲಿ ಅದನ್ನೇ ಓದೋಣ.

ಮೊದಲು ಒಂದು ಹೊಸ ಶಬ್ದ ಕಲಿಯೋಣ. ಬೂಷ್ಟಿಗೆ ಪುಸ್ತಕದಲ್ಲಿ ಶಿಲೀಂಧ್ರ ಅಂತ ಬರೀತಾರೆ. ಶಿ – ಲೀಂ – ಧ್ರ. ಓದಲು ಸ್ವಲ್ಪ ಕಷ್ಟ. ಎರಡು ಸಲ ಜೋರಾಗಿ ಓದಿ. ಅಣಬೆಯೂ ಶಿಲೀಂಧ್ರವೇ. ಇಡ್ಲಿ ಹಿಟ್ಟಿನಲ್ಲಿ ಬೇರೆ ಸೂಕ್ಷ್ಮಜೀವಿಗಳ ಜೊತೆ ಇರುವ ಹುದುಗು ಕೂಡ ಅದೇ ಜಾತಿ. ಕಾಲ ಬೆರಳಿನ ಸಂದಿಯಲ್ಲಿ ತುರಿಕೆ ತರುವುದೂ ಅದೇ. ಕೆಲವು ಉಪಕಾರಿ, ಕೆಲವು ಅಪಕಾರಿ.

ಬೂಷ್ಟು, ಪಾಚಿ ಎರಡೂ ಒಂದೇ ಅಂತ ತಿಳಿಯಬಾರದು. ಪಾಚಿ ಹಸಿರು. ಗಿಡಮರದ ಹಾಗೆ ಬಿಸಿಲಿನಿಂದ ತನ್ನ ಅನ್ನ ತಾನೇ ಮಾಡಿಕೊಳ್ತದೆ. ಬೂಷ್ಟಿಗೆ ಆ ವಿದ್ಯೆ ಇಲ್ಲ. ಅದು ಬೇರೆಯವರ ಅನ್ನವನ್ನೇ ತಿನ್ನಬೇಕು. ಬಿದ್ದ ಎಲೆ, ಸತ್ತ ಹುಳು, ಕೊಳೆತ ಕಟ್ಟಿಗೆ, ನಮ್ಮ ಉಪ್ಪಿನಕಾಯಿ, ಹೀಗೆ ಏನಾದರೂ ಸಿಕ್ಕಬೇಕು. ನೂಲಿಗಿಂತ ಎಷ್ಟೋ ಪಟ್ಟು ತೆಳ್ಳಗಿನ ಎಳೆಗಳನ್ನು ಅದರೊಳಗೆ ಬಿಟ್ಟು, ರಸ ಸುರಿಸಿ, ಕರಗಿಸಿ ಹೀರಿಕೊಳ್ತದೆ. ಅನ್ನ ಮುಗಿದರೆ ಪುಡಿಯಂಥ ಬೀಜ ಬಿಡ್ತದೆ. ಆ ಬೀಜಕ್ಕೆ ಬೀಜಕಣ ಅಂತ ಹೆಸರು. ಗಾಳಿಯಲ್ಲಿ, ನೀರಿನಲ್ಲಿ, ಮಣ್ಣಿನಲ್ಲಿ ಎಲ್ಲ ಕಡೆ ಬೀಜಕಣ ಇದ್ದೇ ಇರ್ತದೆ. ತನಗೆ ಬೇಕಾದ ಅನ್ನ ಸಿಗುವ ತನಕ ಸುಮ್ಮನೆ ಮಲಗಿರ್ತದೆ.

ಇಲ್ಲೊಂದು ಮುಖ್ಯ ಮಾತಿದೆ. ಎಲ್ಲ ಬೂಷ್ಟಿಗೂ ಎಲ್ಲ ಅನ್ನ ಆಗೂದಿಲ್ಲ. ಮರ ತಿನ್ನುವುದು ಬೇರೆ, ಚರ್ಮ ತಿನ್ನುವುದು ಬೇರೆ, ಸಕ್ಕರೆ ತಿನ್ನುವುದು ಬೇರೆ. ಆದ್ದರಿಂದ ಯಾವ ಬೂಷ್ಟು ಬೆಳೆದಿದೆ ಅಂತ ನೋಡಿದರೆ ಅಲ್ಲಿ ಯಾವ ಅನ್ನ ಬಿದ್ದಿದೆ ಅಂತ ಹೇಳಬಹುದು. ಹೊಳೆಗೆ ಬಾಯಿಲ್ಲ. ಅದರ ಬದಲು ಬೂಷ್ಟು ಸಾಕ್ಷಿ ಹೇಳ್ತದೆ.

ಚೊಕ್ಕ ಹಳ್ಳದಲ್ಲಿ

ನಮ್ಮ ಮೂರು ತಾಲೂಕುಗಳಲ್ಲಿ ಹೊಳೆ ಹಳ್ಳಗಳಿಗೆ ಬರ ಇಲ್ಲ. ಅಘನಾಶಿನಿ ಶಿರಸಿಯ ಶಂಕರಹೊಂಡದ ಕಡೆ ಹುಟ್ಟಿ ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ ಸುಮಾರು 116 ಮೀಟರ್ ಎತ್ತರದಿಂದ ಧುಮುಕ್ತದೆ. ಶಾಲ್ಮಲೆ ಸಹಸ್ರಲಿಂಗದ ಬಂಡೆಗಳ ಮೇಲೆ ಹರೀತದೆ. ಬೇಡ್ತಿ ಹೊಳೆ ಯಲ್ಲಾಪುರದ ಮಾಗೋಡಿನಲ್ಲಿ ಬೀಳ್ತದೆ. ಇವುಗಳಿಗೆ ಸೇರುವ ಸಣ್ಣ ಹಳ್ಳಗಳಂತೂ ಲೆಕ್ಕವಿಲ್ಲ.

ಕಾಡಿನ ಹಳ್ಳದಲ್ಲಿ ಏನು ಬೀಳ್ತದೆ? ಎಲೆ. ವರ್ಷವಿಡೀ ಎಲೆ ಬೀಳ್ತದೆ. ಆ ಎಲೆಯೆಲ್ಲ ಎಲ್ಲಿಗೆ ಹೋಯ್ತು ಅಂತ ನಾವು ಕೇಳುವುದಿಲ್ಲ. ಅದನ್ನು ಬೂಷ್ಟು ತಿಂದಿರ್ತದೆ.

ಇಂಗ್ಲೆಂಡಿನಲ್ಲಿ ಇಂಗೋಲ್ಡ್ ಅಂತ ಒಬ್ಬ ವಿಜ್ಞಾನಿ ಇದ್ದರು. ಹಳ್ಳದಲ್ಲಿ ಕೊಳೆಯುವ ಎಲೆಗಳನ್ನು ತಂದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸೂಕ್ಷ್ಮದರ್ಶಕ ಅಂದರೆ ಸಣ್ಣದನ್ನು ನೂರಾರು ಪಟ್ಟು ದೊಡ್ಡದಾಗಿ ತೋರಿಸುವ ಯಂತ್ರ. ಎಲೆಯ ಮೇಲೆ ಚಿತ್ರವಿಚಿತ್ರ ಬೀಜಕಣ ಕಂಡವು. ಕೆಲವು ನಾಲ್ಕು ಕೈಯಿನ ನಕ್ಷತ್ರದ ಹಾಗೆ. ಕೆಲವು ಕುಡುಗೋಲಿನ ಹಾಗೆ ಬಾಗಿದವು. 1942ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಆಮೇಲೆ ಜಗತ್ತಿನ ಅನೇಕ ಕಡೆ ಇವನ್ನು ಹುಡುಕಿದರು. ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಇವು ಧಾರಾಳ ಇವೆ. ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಅವರ ಜೊತೆಗಾರರು ಇದನ್ನೇ ಬಹಳ ವರ್ಷ ಅಭ್ಯಾಸ ಮಾಡಿದ್ದಾರೆ.

ಕೈ ನಾಲ್ಕು ಯಾಕೆ? ಹರಿಯುವ ನೀರಿನಲ್ಲಿ ಗುಂಡಗಿದ್ದರೆ ಉರುಳಿ ಹೋಗ್ತದೆ. ನೆಗ್ಗಿಲು ಮುಳ್ಳು ನಮ್ಮ ಸೀರೆಗೆ ಹೇಗೆ ಅಂಟ್ತದೋ ಹಾಗೆ ನಾಲ್ಕು ಕೈಯಿನ ಬೀಜಕಣ ಎಲೆಗೆ ಅಂಟಿಕೊಳ್ತದೆ.

ಒರಟು ಎಲೆಯನ್ನು ಹುಳುಗಳಿಗೆ ತಿನ್ನಲಿಕ್ಕೆ ಆಗೂದಿಲ್ಲ. ಬೂಷ್ಟು ಹಿಡಿದು ಮೆತ್ತಗಾದ ಎಲೆಯನ್ನು ತಿನ್ನುತ್ತವೆ. ಹುಳುವನ್ನು ಏಡಿ, ಮೀನು ತಿನ್ನುತ್ತವೆ. ಮೀನನ್ನು ತಿನ್ನುವವರೂ ಇದ್ದಾರೆ. ಹೀಗೆ ಹಳ್ಳದ ಸಂಸಾರ ನಡೆಯುವುದು ಬೂಷ್ಟಿನಿಂದ.

ಇನ್ನೊಂದು ವಿಷಯ. ಅಬ್ಬಿಯ ಕೆಳಗೆ, ಬಂಡೆ ಸಂದಿಯಲ್ಲಿ ನೊರೆ ನಿಂತಿರುವುದನ್ನು ನೀವು ನೋಡಿದ್ದೀರಿ. ನೊರೆ ಕಂಡ ಕೂಡಲೇ ವಿಷ ಅಂತ ಹೆದರಬೇಡಿ. ಎಲೆಯ ರಸದಿಂದ, ನೀರು ಬಡಿಯುವುದರಿಂದ ಕಾಡಿನ ಹಳ್ಳದಲ್ಲೂ ನೊರೆ ಆಗ್ತದೆ. ಅದರ ಬಣ್ಣ ಸ್ವಲ್ಪ ಕಂದು. ವಾಸನೆ ಮಣ್ಣಿನದು. ಆ ನೊರೆಯಲ್ಲಿ ನಕ್ಷತ್ರದ ಬೀಜಕಣಗಳು ರಾಶಿ ಸಿಕ್ಕಿಕೊಂಡಿರ್ತವೆ. ವಿಜ್ಞಾನಿಗಳು ಮೊದಲು ಹುಡುಕುವುದು ಅಲ್ಲಿಯೇ. ಸಾಬೂನು ಪುಡಿಯ ನೊರೆ ಹಾಗಲ್ಲ. ಅಚ್ಚ ಬಿಳಿ, ಬೇಗ ಒಡೆಯೂದಿಲ್ಲ, ಸಾಬೂನಿನ ವಾಸನೆ ಇರ್ತದೆ.

ಈ ನಕ್ಷತ್ರ ಜಾತಿಯ ಬೂಷ್ಟುಗಳಲ್ಲಿ ಹೆಚ್ಚಿನವಕ್ಕೆ ಚೊಕ್ಕ ನೀರು ಬೇಕು, ನೀರಿನಲ್ಲಿ ಗಾಳಿ ಬೇಕು. ಹೊಲಸು ಹೆಚ್ಚಿದ ಹಾಗೆ ಇವುಗಳ ಜಾತಿ ಕಡಿಮೆ ಆಗ್ತಾ ಹೋಗ್ತದೆ. ಆಗ ಬೇರೆಯವು ಬರ್ತವೆ.

ಕಾಳಿ ಹೊಳೆಯ ಮಾತು

ಬೇರೆಯವು ಯಾವುವು? ಅದನ್ನು ತಿಳಿಯಲು ನಮ್ಮ ಜಿಲ್ಲೆಯ ಕಾಳಿ ಹೊಳೆಗೆ ಹೋಗೋಣ.

ಕಾಳಿ ಜೋಯಿಡಾ ತಾಲೂಕಿನ ಡಿಗ್ಗಿಯ ಹತ್ತಿರ ಹುಟ್ತದೆ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರ್ತದೆ. ಸೂಪಾದಲ್ಲಿ ದೊಡ್ಡ ಅಣೆಕಟ್ಟು ಇದೆ. ಅದರ ಕೆಳಗೆ ದಾಂಡೇಲಿ. ದಾಂಡೇಲಿಯ ಕೆಳಗೆ ಬೊಮ್ಮನಹಳ್ಳಿ ಅಣೆಕಟ್ಟು. ಅದರ ಕೆಳಗೆ ಕೊಡಸಳ್ಳಿ. ಕೊಡಸಳ್ಳಿ ಯಲ್ಲಾಪುರ ತಾಲೂಕಿನದೇ. ಸಾತೊಡ್ಡಿ ಅಬ್ಬಿಯ ನೀರು ಸೇರುವುದು ಅದರ ಹಿನ್ನೀರಿಗೆ. ಅಂದಮೇಲೆ ದಾಂಡೇಲಿಯ ನೀರು ಯಲ್ಲಾಪುರದವರಿಗೆ ದೂರದ ಮಾತಲ್ಲ.

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಇದೆ. ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಅಂತ ಹೆಸರು. ಕಂಪನಿ ಆದದ್ದು 1955ರಲ್ಲಿ, ಕಾಗದ ಮಾಡಲು ಶುರು ಮಾಡಿದ್ದು 1959ರಲ್ಲಿ. ಸಾವಿರಾರು ಮನೆಗಳಿಗೆ ಅದರಿಂದ ಅನ್ನ ಸಿಕ್ಕಿದೆ. ಈ ಪುಸ್ತಕ ಓದಲಿಕ್ಕೂ ಕಾಗದ ಬೇಕಲ್ಲ! ಕಾಗದ ಬೇಡ ಅಂತ ನಾವು ಹೇಳ್ತಾ ಇಲ್ಲ. ಆದರೆ ಕಾಗದ ಹೇಗೆ ಮಾಡ್ತಾರೆ ಅಂತ ತಿಳಿದರೆ ಹೊಳೆಗೆ ಏನು ಸೇರಬಹುದು ಅಂತ ತಿಳೀತದೆ.

ಬಿದಿರು, ಮರ ತಂದು ಚೂರು ಮಾಡ್ತಾರೆ. ದೊಡ್ಡ ಹಂಡೆಯಲ್ಲಿ ಖಾರವಾದ ಸೋಡಾ ಹಾಕಿ ಬೇಯಿಸ್ತಾರೆ. ಮರದಲ್ಲಿ ನಾರು ಇದೆ. ನಾರನ್ನು ಅಂಟಿಸಿ ಹಿಡಿದಿರುವ ಒಂದು ಕಂದು ಅಂಟು ಇದೆ. ಅದಕ್ಕೆ ಲಿಗ್ನಿನ್ ಅಂತ ಹೆಸರು. ಬೇಯಿಸಿದಾಗ ಅಂಟು ಕರಗಿ ನೀರಿಗೆ ಬರ್ತದೆ, ನಾರು ಉಳೀತದೆ. ನಾರನ್ನು ತೊಳೆದು ಬಿಳಿ ಮಾಡಿ ಕಾಗದ ಮಾಡ್ತಾರೆ. ಉಳಿದ ನೀರು ಕಪ್ಪು. ನಾವು ಕೆಂಪಡಿಕೆಗೆ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಚೊಗರು ಉಳಿಯುವುದಿಲ್ಲವೇ? ಅದನ್ನು ನೆನಪು ಮಾಡಿಕೊಳ್ಳಿ. ಒಂದು ಚೊಂಬು ಚೊಗರನ್ನು ಕೊಡ ನೀರಿಗೆ ಹಾಕಿದರೆ ಕೊಡವೆಲ್ಲ ಕೆಂಪು. ಹೊಳೆಗೆ ಸೇರಿದ ಲಿಗ್ನಿನ್ ಹಾಗೆಯೇ ನೀರಿಗೆ ಚಹಾದ ಬಣ್ಣ ಕೊಡ್ತದೆ.

ಕಾರ್ಖಾನೆಯವರು ಈ ಕಪ್ಪು ನೀರನ್ನು ಗಟ್ಟಿ ಮಾಡಿ ಒಲೆಯಲ್ಲಿ ಉರಿಸಿ ಸೋಡಾ ತಿರುಗಿ ತೆಗೀತಾರೆ. ಅವರಿಗೂ ಅದರಲ್ಲಿ ಲಾಭ ಇದೆ. ಆದರೂ ತೊಳೆದ ನೀರಿನಲ್ಲಿ ಸ್ವಲ್ಪ ಲಿಗ್ನಿನ್, ಸಣ್ಣ ನಾರು, ಮರದ ಸಕ್ಕರೆ, ಗಂಜಿ, ಬಿಳಿ ಮಾಡಲು ಹಾಕಿದ ರಾಸಾಯನಿಕ ಉಳಿದಿರ್ತದೆ. ಅದನ್ನು ಶುದ್ಧ ಮಾಡಿಯೇ ಹೊಳೆಗೆ ಬಿಡಬೇಕು ಅಂತ ಕಾಯಿದೆ ಇದೆ. ಕಾಯಿದೆ ಬಂದದ್ದು 1974ರಲ್ಲಿ. ಕಾರ್ಖಾನೆ ಅದಕ್ಕಿಂತ 15 ವರ್ಷ ಮೊದಲೇ ಶುರುವಾಗಿತ್ತು, ನೆನಪಿಡಿ.

ನಾರು, ಸಕ್ಕರೆ, ಗಂಜಿ. ಇದು ಬೂಷ್ಟಿಗೆ ಹಬ್ಬದೂಟ. ಇಂಥ ನೀರು ಸೇರುವ ಹೊಳೆಯಲ್ಲಿ ಬೂಷ್ಟು, ಅದರ ಜೊತೆ ಬ್ಯಾಕ್ಟೀರಿಯಾ ಎನ್ನುವ ಇನ್ನೂ ಸಣ್ಣ ಜೀವಿಗಳು ಮುಗಿಬಿದ್ದು ಬೆಳೀತವೆ. ಕಲ್ಲಿನ ಮೇಲೆ, ನೀರಲ್ಲಿ ಬಿದ್ದ ಕೊಂಬೆಯ ಮೇಲೆ ಬೂದು ಬಣ್ಣದ ಲೋಳೆ ಕಟ್ತದೆ. ಒದ್ದೆ ಹತ್ತಿಯ ಎಳೆಗಳ ಹಾಗೆ ನೀರಿನಲ್ಲಿ ಓಲಾಡ್ತದೆ. ಇದಕ್ಕೆ ಚರಂಡಿ ಬೂಷ್ಟು ಅಂತ ಕರೀತಾರೆ. ಹೆಸರು ಬೂಷ್ಟಿನದಾದರೂ ಅದರಲ್ಲಿ ಬಹುಪಾಲು ಬ್ಯಾಕ್ಟೀರಿಯಾ, ಸ್ವಲ್ಪ ಮಾತ್ರ ನಿಜವಾದ ಬೂಷ್ಟು. ಎಲ್ಲಿ ಕಂಡರೂ ಒಂದೇ ಅರ್ಥ. ಮೇಲಿನಿಂದ ಯಾರೋ ನೀರಿಗೆ ಅನ್ನ ಸುರೀತಾ ಇದ್ದಾರೆ.

ಅನ್ನ ಸುರಿದರೆ ಕೆಡುಕೇನು? ಕೆಡುಕು ಗಾಳಿಯಲ್ಲಿದೆ. ನೀರಿನಲ್ಲಿ ಕರಗಿದ ಪ್ರಾಣವಾಯು ಇರ್ತದೆ. ಮೀನು ಉಸಿರಾಡುವುದು ಅದನ್ನೇ. ನಮ್ಮ ಕಡೆಯ ಬಿಸಿಲಿಗೆ 1 ಲೀಟರ್ ಚೊಕ್ಕ ನೀರಿನಲ್ಲಿ ಹೆಚ್ಚೆಂದರೆ ಸುಮಾರು 8 ಮಿಲಿಗ್ರಾಂ ಪ್ರಾಣವಾಯು. 1 ಗ್ರಾಂನಲ್ಲಿ 1000 ಮಿಲಿಗ್ರಾಂ. ಬಹಳ ಸ್ವಲ್ಪ, ಅಲ್ಲವೇ? ಬೂಷ್ಟು, ಬ್ಯಾಕ್ಟೀರಿಯಾ ಅನ್ನ ತಿನ್ನುವಾಗ ಅವೂ ಉಸಿರಾಡ್ತವೆ. ಈ ಪ್ರಾಣವಾಯುವನ್ನೇ ಖಾಲಿ ಮಾಡ್ತವೆ.

ಒಂದು ಲೆಕ್ಕ ಮಾಡೋಣ. ಕಾಗದದ ಕಾರ್ಖಾನೆಯ ಶುದ್ಧ ಮಾಡದ ನೀರಿನ 1 ಲೀಟರ್‌ನಲ್ಲಿರುವ ಕೊಳೆ ಕರಗಲು ನೂರಾರು ಮಿಲಿಗ್ರಾಂ ಪ್ರಾಣವಾಯು ಬೇಕಾಗ್ತದೆ. 240 ಅಂತ ಇಟ್ಟುಕೊಳ್ಳಿ. 240ನ್ನು 8ರಿಂದ ಭಾಗಿಸಿ. 30 ಬಂತು. ಅಂದರೆ ಇಂಥ 1 ಲೀಟರ್ ನೀರು 30 ಲೀಟರ್ ಹೊಳೆ ನೀರಿನ ಉಸಿರು ತೆಗೀತದೆ. ಗಾಳಿಯಿಂದ ಪ್ರಾಣವಾಯು ತಿರುಗಿ ನೀರಿಗೆ ಸೇರ್ತದೆ, ನಿಜ. ಧುಮುಕುವ ನೀರಿಗೆ ಬೇಗ ಸೇರ್ತದೆ, ಅಣೆಕಟ್ಟಿನ ಹಿನ್ನೀರಿನಂಥ ನಿಂತ ನೀರಿಗೆ ನಿಧಾನ.

ಅಧಿಕಾರಿಗಳು ನೀರನ್ನು ಅಳೆಯುವುದು ಈ ಲೆಕ್ಕದ ಮೇಲೆಯೇ. ಅದಕ್ಕೆ ಬಿಓಡಿ ಅಂತಾರೆ. ನೀರನ್ನು ಬಾಟಲಿಯಲ್ಲಿ ಮುಚ್ಚಿ 27 ಡಿಗ್ರಿ ಬಿಸಿಯಲ್ಲಿ 3 ದಿನ ಇಟ್ಟು, ಎಷ್ಟು ಪ್ರಾಣವಾಯು ಕಡಿಮೆ ಆಯಿತು ಅಂತ ನೋಡ್ತಾರೆ. ಹೊಳೆಗೆ ಬಿಡುವ ಕೊಳೆ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ. ಹೊಳೆಯ ನೀರಿನಲ್ಲಿಯೇ 3ಕ್ಕಿಂತ ಹೆಚ್ಚು ಬಂದರೆ ಆ ಹೊಳೆ ಕೆಟ್ಟಿದೆ ಅಂತ ಲೆಕ್ಕ. 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೀಗೆ ಕೆಟ್ಟ ಹೊಳೆಗಳ ಪಟ್ಟಿ ಮಾಡಿತು. ದೇಶದಲ್ಲಿ 351 ಕಡೆ. ಕರ್ನಾಟಕದಲ್ಲಿ 17. ಆ 17ರಲ್ಲಿ ನಮ್ಮ ಕಾಳಿಯ ಹೆಸರೂ ಇತ್ತು.

ಕಾಳಿ ಒಂದೇ ಅಲ್ಲ. ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮರದಿಂದ ನಾರು ಮಾಡುವ ಕಾರ್ಖಾನೆ ಬಂತು. 1980ರ ದಶಕದಲ್ಲಿ ಕೆಳಗಿನ ಊರುಗಳಲ್ಲಿ ಮೀನು ಸತ್ತು ತೇಲಿದವು. ಊರವರು, ಮೀನುಗಾರರು, ಧಾರವಾಡದ ಸಮಾಜ ಪರಿವರ್ತನಾ ಸಮುದಾಯ ಸೇರಿ ಹೋರಾಟ ಮಾಡಿದರು. ಮೀನು ಸತ್ತ ಮೇಲೆ ಎಲ್ಲರಿಗೂ ಕಾಣ್ತದೆ. ಅದಕ್ಕಿಂತ ಮೊದಲೇ ಕಲ್ಲಿನ ಮೇಲಿನ ಲೋಳೆ ಕಂಡಿರ್ತದೆ. ಅದನ್ನು ನೋಡುವವರು ಯಾರು? ಬಟ್ಟೆ ಒಗೆಯಲು ಹೋಗುವ ನಾವು.

ಕೆಸರು ಏನು ಹೇಳ್ತದೆ?

ನೀರು ಇವತ್ತು ಬಂದು ನಾಳೆ ಹೋಗ್ತದೆ. ಸೂಪಾದಲ್ಲಿ ವಿದ್ಯುತ್ತಿಗೆ ನೀರು ಬಿಟ್ಟ ಹೊತ್ತಿನಲ್ಲಿ ದಾಂಡೇಲಿಯಲ್ಲಿ ಹೊಳೆ ತುಂಬ್ತದೆ, ಕೊಳೆ ತೆಳುವಾಗ್ತದೆ. ನೀರು ಇಳಿದಾಗ ಅದೇ ಕೊಳೆ ದಪ್ಪ. ಬೆಳಿಗ್ಗೆ ನೋಡಿದವರು ಚೊಕ್ಕ ಅಂತಾರೆ, ಸಂಜೆ ನೋಡಿದವರು ಗಲೀಜು ಅಂತಾರೆ. ಇಬ್ಬರೂ ಸುಳ್ಳು ಹೇಳಿದ್ದಲ್ಲ.

ಕೆಸರು ಹಾಗಲ್ಲ. ಅದು ವರ್ಷಗಟ್ಟಲೆ ಒಂದೇ ಕಡೆ ಕೂತಿರ್ತದೆ. ನಾರು, ಸುಣ್ಣ, ಬೂದಿ, ಸತು ತಾಮ್ರದಂಥ ಲೋಹದ ಕಣ ಎಲ್ಲ ಇಳಿದು ಕೂರುವುದು ಅಲ್ಲಿ. ಬೂಷ್ಟಿನ ಬೀಜಕಣವೂ ಅಲ್ಲೇ ಮಲಗಿರ್ತದೆ.

ವಿಜ್ಞಾನಿಗಳು ಅದನ್ನು ಹೇಗೆ ಎಬ್ಬಿಸ್ತಾರೆ? ಅಡುಗೆ ಕೆಲಸದಷ್ಟೇ ಸುಲಭ. 1 ಗ್ರಾಂ ಕೆಸರನ್ನು ಕುದಿಸಿ ಆರಿಸಿದ ನೀರಿನಲ್ಲಿ ಕದಡ್ತಾರೆ. ಅದನ್ನು ಮತ್ತೆ ಮತ್ತೆ ತೆಳು ಮಾಡ್ತಾರೆ. ಚೈನಾಗ್ರಾಸ್ ಹಾಕಿ ನಾವು ಸಿಹಿ ಮಾಡೂದಿಲ್ಲವೇ? ಅದೇ ಜಾತಿಯ ಕಡಲ ಪಾಚಿಯ ಪುಡಿಗೆ ಬಟಾಟೆಯ ರಸ, ಸಕ್ಕರೆ ಸೇರಿಸಿ ಗಾಜಿನ ತಟ್ಟೆಯಲ್ಲಿ ಹೆಪ್ಪು ಹಾಕ್ತಾರೆ. ಅದರ ಮೇಲೆ ಕೆಸರು ನೀರಿನ ಹನಿ ಬಿಟ್ಟು ಮುಚ್ಚಿಡ್ತಾರೆ. 3 ರಿಂದ 7 ದಿನದೊಳಗೆ ಒಂದೊಂದು ಬೀಜಕಣದಿಂದ ಒಂದೊಂದು ಚುಕ್ಕೆ ಏಳ್ತದೆ. ಚುಕ್ಕೆ ಎಣಿಸಿದರೆ ಕೆಸರಿನಲ್ಲಿ ಎಷ್ಟು ಇತ್ತು ಅಂತ ಲೆಕ್ಕ ಸಿಗ್ತದೆ.

ಕಾರ್ಖಾನೆಯ ಕೊಳೆ ಸೇರಿದ ನೀರು, ಕೆಸರಿನಲ್ಲಿ ಸಾಮಾನ್ಯವಾಗಿ ಸಿಗುವವು ನಮ್ಮ ಮನೆಯ ಹಳೇ ನೆಂಟರೇ. ಕಪ್ಪು ಕಾಡಿಗೆಯ ಹಾಗೆ ಪುಡಿ ಬಿಡುವುದು ಆಸ್ಪರ್ಜಿಲಸ್. ಈರುಳ್ಳಿ ಸಿಪ್ಪೆಯ ಒಳಗೆ ಕಪ್ಪು ಪುಡಿ ಇರ್ತದಲ್ಲ, ಅದೇ. ಹಳಸಿದ ಲಿಂಬೆಹಣ್ಣಿನ ಮೇಲೆ ನೀಲಿ ಹಸಿರಾಗಿ ಬರುವುದು ಪೆನ್ಸಿಲಿಯಂ. ಗಿಡದ ಬೇರು ಕೊಳೆಸುವ ಫ್ಯುಸೇರಿಯಂ. ತೋಟಕ್ಕೆ ಔಷಧಿ ಅಂತ ಪೊಟ್ಟಣದಲ್ಲಿ ಕೊಡುವ ಟ್ರೈಕೋಡರ್ಮ. ಇವೆಲ್ಲ ನೆಲದ ಮೇಲಿನ ಬೂಷ್ಟುಗಳು. ಹಳ್ಳದ ನಕ್ಷತ್ರಗಳು ಹೋದ ಜಾಗದಲ್ಲಿ ಇವು ಬಂದು ಕೂತಿರ್ತವೆ. ಗಟ್ಟಿ ಜೀವ. ಲೋಹ ಇದ್ದರೂ ಸಾಯೂದಿಲ್ಲ, ಅದನ್ನು ತಮ್ಮ ಮೈಗೇ ಅಂಟಿಸಿಕೊಂಡು ಬದುಕ್ತವೆ. ಒಟ್ಟು ಬೂಷ್ಟು ಹೆಚ್ಚು ಸಿಕ್ಕಿತೋ ಕಡಿಮೆ ಸಿಕ್ಕಿತೋ ಎನ್ನುವುದಕ್ಕಿಂತ, ಯಾವ ಜಾತಿ ಹೋಯಿತು, ಯಾವ ಜಾತಿ ಬಂತು ಎನ್ನುವುದೇ ಮುಖ್ಯ.

ಇವು ಕೆಟ್ಟವು ಅಂತ ಬೈಯಬೇಕಾಗಿಲ್ಲ. ಕೊಳೆಯನ್ನು ತಿಂದು ಮುಗಿಸುವವರು ಇವರೇ. ಸತ್ತ ಮರದ ಮೇಲೆ ಏಳುವ ಕೆಲವು ಅಣಬೆಗಳು ಲಿಗ್ನಿನ್ನನ್ನೂ ಕರಗಿಸ್ತವೆ. ಕಾಗದದ ಕಾರ್ಖಾನೆಯ ಕಂದು ನೀರನ್ನು ಅವುಗಳಿಂದ ತಿಳಿ ಮಾಡಬಹುದು ಅಂತ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದ್ದಾರೆ. ಸಂಘದ ಅಕ್ಕಂದಿರು ಹುಲ್ಲಿನಲ್ಲಿ ಬೆಳೆಸುವ ಚಿಪ್ಪು ಅಣಬೆಯೂ ಆ ಗುಂಪಿನದು. ಆದರೆ ಎಚ್ಚರ. ತಿನ್ನುವ ಅಣಬೆಗೆ ಕಾರ್ಖಾನೆ ಕೆಳಗಿನ ನೀರು, ಕೆಸರು ಎಂದೂ ತಾಗಿಸಬೇಡಿ. ಲೋಹವನ್ನು ಅದೂ ಮೈಗೆ ಎಳೆದುಕೊಳ್ತದೆ. ಆಮೇಲೆ ಅದು ನಮ್ಮ ಮೈಗೆ ಬರ್ತದೆ. ಹೊಳೆಯ ಗೋಡು ಒಳ್ಳೆ ಗೊಬ್ಬರ ಅಂತ ತೋಟಕ್ಕೆ ಏರಿಸುವವರೂ, ಕಾರ್ಖಾನೆಯ ಕೆಳಗಿನದಾದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಬೇಕು.

ಕುದಿಸಿದರೆ ಸಾಕೇ?

ಈ ಪ್ರಶ್ನೆಗೆ ಬಹಳ ಜನ ತಪ್ಪು ಉತ್ತರ ಹೇಳ್ತಾರೆ. ಆದ್ದರಿಂದ ನಿಧಾನವಾಗಿ ಓದಿ.

ನೀರನ್ನು ಚೆನ್ನಾಗಿ ಕೊತ ಕೊತ ಕುದಿಸಿದರೆ ಕಾಯಿಲೆ ತರುವ ಜೀವಿಗಳು ಸಾಯ್ತವೆ. ವಾಂತಿಭೇದಿ, ವಿಷಮಶೀತ ಜ್ವರದಿಂದ ಕಾಪಾಡಲು ಕುದಿಸಲೇಬೇಕು. ಅದು ಸರಿ. ಆದರೆ ಕಾರ್ಖಾನೆಯ ರಾಸಾಯನಿಕ, ಲೋಹ ಕುದಿಸಿದರೆ ಹೋಗೂದಿಲ್ಲ. ಸಾರು ಕುದಿಸಿದರೆ ಉಪ್ಪು ಹೋಗ್ತದೆಯೇ? ಇಲ್ಲ. ನೀರು ಆವಿಯಾಗಿ ಸಾರು ಇನ್ನೂ ಉಪ್ಪಾಗ್ತದೆ. ಹಾಗೆಯೇ ಇದು. ಬಟ್ಟೆಯಲ್ಲಿ ಸೋಸಿದರೂ ಕರಗಿದ್ದು ಹೋಗೂದಿಲ್ಲ.

ಹಾಗಾದರೆ ಏನು ಮಾಡೂದು? ಅಂಥ ನೀರನ್ನು ಕುಡಿಯಲು, ಅಡುಗೆಗೆ ತರಬಾರದು. ಬೇರೆ ಮೂಲ ನೋಡಬೇಕು. ಗುಡ್ಡದ ಮೇಲಿನ ಒರತೆ, ಅಬ್ಬಿ ನೀರು, ಹೊಳೆಯಿಂದ ದೂರದ ಬಾವಿ, ನಲ್ಲಿ ನೀರು ಯಾವುದಾದರೂ ಆಗಬಹುದು. ಅದನ್ನೂ ಪರೀಕ್ಷೆ ಮಾಡಿಸಿ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್‌ನಲ್ಲಿ ಪ್ರತಿ ಊರಿನ 5 ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕು, ಪೆಟ್ಟಿಗೆ ಕೊಡಬೇಕು ಅಂತ ಇದೆ. ನಿಮ್ಮ ಊರಿನ ಐವರು ಯಾರು? ಪಂಚಾಯತಿಯಲ್ಲಿ ಕೇಳಿ. ಆ ಪೆಟ್ಟಿಗೆಯಲ್ಲಿ ಬೂಷ್ಟು ನೋಡಲು ಬರೂದಿಲ್ಲ. ಹುಳಿ, ಕಬ್ಬಿಣ, ಕ್ಲೋರೈಡ್ ಇಂಥದನ್ನು ನೋಡಬಹುದು. ಅಷ್ಟಾದರೂ ನಮ್ಮ ಕೈಯಲ್ಲೇ ಆಗ್ತದೆ.

ಹೊಳೆಯ ಬೂಷ್ಟು ಹೊಟ್ಟೆಗೆ ಹೋದರೆ ಗಟ್ಟಿ ಮೈಯವರಿಗೆ ಸಾಮಾನ್ಯವಾಗಿ ಏನೂ ಆಗೂದಿಲ್ಲ. ಹೊಟ್ಟೆ ಕೆಡಿಸುವುದು ಹೆಚ್ಚಾಗಿ ಬೇರೆ ರೋಗಾಣುಗಳು. ಬೂಷ್ಟಿನ ಉಪದ್ರ ಹೆಚ್ಚು ಚರ್ಮಕ್ಕೆ. ದಿನವಿಡೀ ಒದ್ದೆಯಲ್ಲಿ ನಿಂತರೆ ಬೆರಳ ಸಂದಿ ಬೆಳ್ಳಗಾಗಿ ಬಿರೀತದೆ. ಸೊಂಟದಲ್ಲಿ, ತೊಡೆಯಲ್ಲಿ ಉಂಗುರದ ಹಾಗೆ ಹುಳಕಡ್ಡಿ ಏಳ್ತದೆ. ಕೆಲಸ ಮುಗಿದ ಮೇಲೆ ಒಳ್ಳೆ ನೀರಲ್ಲಿ ಕಾಲು ತೊಳೆದು, ಬೆರಳ ಸಂದಿ ಒಣಗಿಸಿ. ಒಳಬಟ್ಟೆಯನ್ನು ಬಿಸಿಲಲ್ಲಿ ಒಣಗಿಸಿ. ನಾಚಿಕೆ ಅಂತ ಮೂಲೆಯಲ್ಲಿ ಒಣಗಿಸಿದರೆ ಬೂಷ್ಟಿಗೇ ಅನುಕೂಲ! ತುರಿಕೆಗೆ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಬೇಡಿ. ಕೆಲವದರಲ್ಲಿ ಸ್ಟಿರಾಯ್ಡ್ ಇರ್ತದೆ. ಮೊದಲು ಕಡಿಮೆ ಆದ ಹಾಗೆ ಕಾಣ್ತದೆ, ಆಮೇಲೆ ಮೈಯೆಲ್ಲ ಹರಡ್ತದೆ. ಆಸ್ಪತ್ರೆಗೆ ತೋರಿಸಿ.

ಎಳ್ಳು ಹಾಕಿ ನೋಡೋಣ

ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ಸ್ವಲ್ಪ ಎಳ್ಳನ್ನು 5 ನಿಮಿಷ ಕುದಿಸಿ. ಎರಡು ಗಾಜಿನ ಲೋಟ ತನ್ನಿ. ಒಂದಕ್ಕೆ ಹಳ್ಳದ ನೀರು, ಇನ್ನೊಂದಕ್ಕೆ ಕುದಿಸಿ ಆರಿಸಿದ ಅದೇ ನೀರು. ಎರಡಕ್ಕೂ ನಾಲ್ಕಾರು ಎಳ್ಳು ಹಾಕಿ, ತಟ್ಟೆ ಮುಚ್ಚಿ ನೆರಳಲ್ಲಿಡಿ. ಮೂರು ನಾಲ್ಕು ದಿನದಲ್ಲಿ ಹಳ್ಳದ ನೀರಿನ ಎಳ್ಳಿನ ಸುತ್ತ ಬಿಳಿ ಎಳೆಗಳು ಹತ್ತಿಯ ಹಾಗೆ ನಿಂತಿರ್ತವೆ. ಕುದಿಸಿದ ನೀರಿನಲ್ಲಿ ಬರೂದಿಲ್ಲ, ಬಂದರೂ ತಡವಾಗಿ ಬರ್ತದೆ. ನೋಡಿ ಆದ ಮೇಲೆ ಕುದಿಯುವ ನೀರು ಸುರಿದು ಚೆಲ್ಲಿ, ಕೈ ತೊಳೆಯಿರಿ.

ಎಳ್ಳಿಗೆ ಬಂದದ್ದು ನೀರಿನ ಬೂಷ್ಟು. ನಮ್ಮ ತೋಟದ ಕೊಳೆ ರೋಗ ಇದರ ದಾಯಾದಿ. ಈಗಿನ ವಿಜ್ಞಾನಿಗಳು ಇವೆರಡನ್ನೂ ನಿಜವಾದ ಬೂಷ್ಟಿನ ಕುಲದಿಂದ ಹೊರಗಿಟ್ಟು ಪಾಚಿಯ ದೂರದ ನೆಂಟರು ಅಂತಾರೆ. ಇವುಗಳ ಬೀಜಕಣಕ್ಕೆ ಎರಡು ಬಾಲ ಇದೆ. ನೀರಿನಲ್ಲಿ ಈಜ್ತವೆ. ಮಳೆ ಹಿಡಿದಾಗ ಕೊಳೆ ರೋಗ ಗೊನೆಯಿಂದ ಗೊನೆಗೆ ಹಾರುವುದು ಯಾಕೆ ಅಂತ ಈಗ ತಿಳಿಯಿತಲ್ಲ.

ಕೊಳೆ ರೋಗಕ್ಕೆ ನಾವು ಮೈಲುತುತ್ತು, ಸುಣ್ಣ ಕಲಸಿ ಬೋರ್ಡೋ ಮದ್ದು ಹೊಡೀತೇವೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಮೈಲುತುತ್ತಿನಲ್ಲಿರುವುದು ತಾಮ್ರ. ಅದು ಬೂಷ್ಟನ್ನು ಕೊಲ್ತದೆ. ಮೀನನ್ನೂ ಕೊಲ್ತದೆ. ಹಳ್ಳದ ನಕ್ಷತ್ರಗಳನ್ನು ಬಿಡ್ತದೆಯೇ? ತಾಮ್ರ ಕರಗಿ ಮಾಯವಾಗುವ ವಸ್ತುವಲ್ಲ. ಮದ್ದು ಹೊಡೆಯದೆ ಅಡಿಕೆ ಉಳಿಯೂದಿಲ್ಲ, ಗೊತ್ತು. ಆದರೆ ಮದ್ದಿನ ಡ್ರಮ್ಮು, ಪಂಪು, ಕೊಡಗಳನ್ನು ಹಳ್ಳದಲ್ಲಿ ತೊಳೆಯುವುದು ಬೇಡ. ತೊಳೆದ ನೀರನ್ನು ತೋಟದಲ್ಲೇ ಮರದ ಬುಡಕ್ಕೆ ಹಾಕಿ. ದಾಂಡೇಲಿಗೆ ಬೆರಳು ತೋರಿಸುವ ಮೊದಲು ನಮ್ಮ ಹಳ್ಳವನ್ನೂ ನೋಡಿಕೊಳ್ಳಬೇಕಲ್ಲ.

ನೋಡಿದ್ದನ್ನು ಬರೆದಿಡೋಣ

ನಮ್ಮ ತಾಯಂದಿರೂ ಹೊಳೆಯ ಲೋಳೆ ನೋಡಿದ್ದರು. ಹೇಳಿದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬರೆದು ಕೊಡಲು ಅವರಿಗೆ ಬರ್ತಿರಲಿಲ್ಲ. ನಮಗೆ ಬರ್ತದೆ.

ಒಂದು ನೋಟು ಪುಸ್ತಕ ಇಡಿ. ಬಟ್ಟೆ ಒಗೆಯಲು ಹೋದಾಗ ಕಂಡದ್ದನ್ನು ಆ ದಿನವೇ ಬರೆಯಿರಿ. ತಾರೀಕು, ಹೊತ್ತು ಮರೆಯಬೇಡಿ. ನೀರಿನ ಬಣ್ಣ, ವಾಸನೆ, ಕಲ್ಲಿನ ಮೇಲೆ ಬೂದು ಲೋಳೆ ಇದೆಯೇ, ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡ್ತಾ ಇದ್ದವೇ ಎಂಬುದನ್ನು ಬರೆಯಿರಿ. ಕಂಡದ್ದನ್ನು ಮಾತ್ರ ಬರೆಯಿರಿ. ಯಾರು ಮಾಡಿದರು ಅಂತ ಊಹೆ ಬೇಡ. ಕಂಡುಹಿಡಿಯುವುದು ಅಧಿಕಾರಿಗಳ ಕೆಲಸ. ನಾಲ್ಕು ವಾರ ಬರೆದ ಮೇಲೆ ಸಂಘದಲ್ಲಿ ಎಲ್ಲರೂ ಕೂತು ಓದಿ, ಅರ್ಜಿ ಬರೆಯಿರಿ. ಒಂದು ಪ್ರತಿ ಗ್ರಾಮ ಪಂಚಾಯತಿಗೆ, ಒಂದು ಪ್ರತಿ ನಿಮ್ಮ ಹತ್ತಿರ. ಕೊಟ್ಟದ್ದಕ್ಕೆ ಸಹಿ, ಮುದ್ರೆ ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಲ್ಲಿ 10 ರೂಪಾಯಿ ಕಟ್ಟಿ ನೀರಿನ ಪರೀಕ್ಷೆಯ ವರದಿ ಕೇಳಬಹುದು. ಬಡತನ ರೇಖೆಗಿಂತ ಕೆಳಗಿನವರಿಗೆ ಆ ಹಣವೂ ಇಲ್ಲ.

ಅರ್ಜಿ ಹೀಗಿರಲಿ. ಖಾಲಿ ಜಾಗವನ್ನು ನೀವೇ ತುಂಬಿ.

ಊರು: ..........
ತಾರೀಕು: ..........

ಗೆ,
ಪರಿಸರ ಅಧಿಕಾರಿಗಳು,
ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ,
ಪ್ರಾದೇಶಿಕ ಕಚೇರಿ, ಕಾರವಾರ.

ಮಾನ್ಯರೇ,

ನಾವು .......... ಗ್ರಾಮದ ಮಹಿಳೆಯರು. ನಮ್ಮ ಊರಿನ .......... ಹೊಳೆಯ ನೀರನ್ನು ಬಟ್ಟೆ ಒಗೆಯಲು, ದನಗಳಿಗೆ ಕುಡಿಸಲು ಬಳಸುತ್ತೇವೆ. ತಾರೀಕು .......... ರಿಂದ .......... ರ ವರೆಗೆ ನಾವು ಕಂಡದ್ದು ಹೀಗಿದೆ. ನೀರಿನ ಬಣ್ಣ .......... ವಾಸನೆ .......... ಕಲ್ಲುಗಳ ಮೇಲೆ ಬೂದು ಬಣ್ಣದ ಲೋಳೆ .......... ದಿನ ಕಂಡಿತು. ಮೀನು .......... ದಿನ ಸತ್ತು ತೇಲಿದವು.

ತಾವು ಬಂದು ನೀರು ಮತ್ತು ಕೆಸರು ಎರಡನ್ನೂ ತೆಗೆದು ಪರೀಕ್ಷೆ ಮಾಡಿಸಬೇಕು. ನೀರು ತೆಗೆಯುವಾಗ ನಮ್ಮಲ್ಲಿ ಇಬ್ಬರನ್ನು ಜೊತೆಗೆ ಕರೆಯಬೇಕು. ವರದಿಯನ್ನು ಕನ್ನಡದಲ್ಲಿ ನಮಗೆ ಕೊಡಬೇಕು.

ಇಂತಿ,
(ಸಹಿ ಮಾಡಿ. ಹೆಬ್ಬೆಟ್ಟು ಬೇಡ.)
1. ....................
2. ....................
3. ....................